ಬ್ರಷ್ ಹಾಳಾಗುವುದು ಕುತ್ತಿಗೆಯಲ್ಲಿ

ಮೇಕಪ್ ಬ್ರಷ್ ಹಿಡಿದು ಒಬ್ಬರ ಕೆನ್ನೆಗೆ ಫೌಂಡೇಶನ್ ಹಚ್ಚುತ್ತಿದ್ದೆ. ಇದ್ದಕ್ಕಿದ್ದ ಹಾಗೆ ನನ್ನ ಕೈಯಲ್ಲಿ ಹಿಡಿ ಮಾತ್ರ ಉಳಿಯಿತು, ಬ್ರಷ್ಷಿನ ತಲೆ ಕಳಚಿ ಅವರ ಮಡಿಲಿಗೆ ಬಿತ್ತು. ಅವರು ನಕ್ಕರು, ನಾನೂ ನಕ್ಕೆ, ಒಳಗೊಳಗೆ ಮಾತ್ರ ನಾಚಿಕೆಯಾಯಿತು. ಯಾಕೆಂದರೆ ಅದು ನನ್ನ ಹತ್ತಿರ ಇದ್ದದ್ದರಲ್ಲೇ ಒಳ್ಳೆಯ ಬ್ರಷ್, ವಾರ ವಾರ ತಪ್ಪದೆ ತೊಳೆಯುತ್ತಿದ್ದೆ. ತೊಳೆದೂ ತೊಳೆದೂ ನಾನೇ ಅದನ್ನು ಕೊಂದಿದ್ದೆ.

ಮನೆಗೆ ಬಂದು ಅದನ್ನು ಬಿಡಿಸಿ ನೋಡಿದೆ. ಕೂದಲನ್ನೂ ಹಿಡಿಯನ್ನೂ ಸೇರಿಸುವ ಲೋಹದ ಕೊಳವೆ ಇರುತ್ತದಲ್ಲ, ಅದಕ್ಕೆ ಫೆರೂಲ್ ಅನ್ನುತ್ತಾರೆ, ನಾನು ಕುತ್ತಿಗೆ ಅಂತಲೇ ಕರೆಯುತ್ತೇನೆ. ಇಕ್ಕಳ ತಗೊಂಡು ಅದನ್ನು ಸೀಳಿದೆ. ಒಳಗೆ ಕೂದಲಿನ ಬುಡವೆಲ್ಲ ಸೇರಿ ಅಂಟಿನ ಒಂದು ಗಟ್ಟಿ ಬಿಲ್ಲೆ. ಬಿಲ್ಲೆಯ ಅಂಚು ಮುಟ್ಟಿದರೆ ಪುಡಿಯಾಗುತ್ತಿತ್ತು. ಅದರ ಮೇಲೆ, ಹೊರಗಿನಿಂದ ಕಾಣಿಸದ ಜಾಗದಲ್ಲಿ, ಕಂದು ಬಣ್ಣದ ಒಂದು ಪದರ. ಎಷ್ಟೋ ತಿಂಗಳ ಫೌಂಡೇಶನ್ನು, ಸೋಪು ಎರಡೂ ಸೇರಿ ಕಲ್ಲಿನ ಹಾಗೆ ಕೂತಿತ್ತು. ಮರದ ಹಿಡಿಯ ತುದಿ ನೀರು ಕುಡಿದು ಕಪ್ಪಾಗಿತ್ತು. ಮೂಸಿದರೆ ಮುಗ್ಗಲು ವಾಸನೆ.

ನಾನು ಮಾಡುತ್ತಿದ್ದದ್ದು ಇಷ್ಟೇ. ಬಿಸಿನೀರಿನ ಲೋಟದಲ್ಲಿ ಬ್ರಷ್ ಅದ್ದಿ ನೆನೆಸಿಡುವುದು, ಚೆನ್ನಾಗಿ ತೊಳೆಯುವುದು, ಆಮೇಲೆ ಪೆನ್ನು ನಿಲ್ಲಿಸಿದ ಹಾಗೆ ಕೂದಲು ಮೇಲೆ ಮಾಡಿ ನಿಲ್ಲಿಸುವುದು. ನೋಡೋಕೆ ಚೆಂದವಾಗಿಯೇ ಇರುತ್ತಿತ್ತು. ನೀರು ಇಳಿಯುವುದು ಕೆಳಗೇ ಅಲ್ವಾ? ಕೂದಲಲ್ಲಿ ಉಳಿದದ್ದೆಲ್ಲ ಸೀದಾ ಕುತ್ತಿಗೆಯೊಳಗೆ ಹೋಗಿ ಕೂರುತ್ತಿತ್ತು. ಬಿಸಿಗೆ ಅಂಟು ಸಡಿಲವಾಗುತ್ತದೆ, ನೀರಿಗೆ ಮರ ಉಬ್ಬುತ್ತದೆ, ಒಣಗಿದಾಗ ಮತ್ತೆ ಕುಗ್ಗುತ್ತದೆ. ಹೀಗೆ ಉಬ್ಬಿ ಕುಗ್ಗಿ, ಉಬ್ಬಿ ಕುಗ್ಗಿ ಒಂದು ದಿನ ತಲೆ ಕಳಚುತ್ತದೆ. ಅವತ್ತಿನಿಂದ ಯಾವ ಬ್ರಷ್ ಕೈಗೆ ಸಿಕ್ಕರೂ ನಾನು ಮೊದಲು ನೋಡುವುದು ಕುತ್ತಿಗೆಯನ್ನೇ.

ಕೊಳ್ಳುವಾಗಲೂ ಅಷ್ಟೇ. ಹಿಡಿಯನ್ನು ಒಂದು ಕೈಯಲ್ಲಿ, ಲೋಹವನ್ನು ಇನ್ನೊಂದು ಕೈಯಲ್ಲಿ ಹಿಡಿದು ಮೆಲ್ಲಗೆ ತಿರುಚಿ ನೋಡುತ್ತೇನೆ. ಒಂದಿಷ್ಟು ಅಲುಗಾಡಿದರೂ ಅಲ್ಲೇ ವಾಪಸ್ ಇಡುತ್ತೇನೆ. ಆಮೇಲೆ ಕೂದಲನ್ನು ಅಂಗೈ ಹಿಂಭಾಗಕ್ಕೆ ಒತ್ತಿ ಬಿಡುತ್ತೇನೆ, ತಕ್ಷಣ ಮೊದಲಿನ ಆಕಾರಕ್ಕೆ ಬರಬೇಕು. ಬೆರಳಲ್ಲಿ ಹಿಡಿದು ಎಳೆದರೆ ಒಂದೆರಡು ಕೂದಲು ಬರಬಹುದು, ಹೊಸದರಲ್ಲಿ ಅದು ಸಹಜ. ಐದಾರು ಬಂದರೆ ಬೇಡ. ಕೊನೆಗೆ ಕೆನ್ನೆಗೆ ಉಜ್ಜುವುದಲ್ಲ, ತುದಿಯನ್ನು ನೆಟ್ಟಗೆ ಕೆನ್ನೆಗೆ ಚುಚ್ಚಿ ನೋಡುವುದು. ಪಕ್ಕದಿಂದ ಸವರಿದರೆ ಯಾವ ಬ್ರಷ್ಷೂ ಮೆತ್ತಗೇ ಅನ್ನಿಸುತ್ತದೆ, ನೆಟ್ಟಗೆ ಇಟ್ಟಾಗ ಚುಚ್ಚುತ್ತದೋ ಇಲ್ಲವೋ ಗೊತ್ತಾಗುತ್ತದೆ.

ಚುಚ್ಚುವುದಕ್ಕೆ ಒಂದು ಕಾರಣ ಇದೆ. ಕೂದಲನ್ನು ಆಕಾರಕ್ಕಾಗಿ ಕತ್ತರಿಸಿದರೆ ತುದಿ ಮೊಂಡಾಗುತ್ತದೆ, ಆ ಮೊಂಡು ತುದಿಯೇ ಚರ್ಮಕ್ಕೆ ತಾಗುವುದು. ಜಪಾನಿನ ಹಿರೋಶಿಮಾ ಪ್ರಾಂತ್ಯದಲ್ಲಿ ಕುಮಾನೋ ಅಂತ ಒಂದು ಊರಿದೆ, ಬರೆಯುವ ಕುಂಚಕ್ಕೂ ಮೇಕಪ್ ಬ್ರಷ್ಷಿಗೂ ಹೆಸರಾದದ್ದು. ಅಲ್ಲಿನ ಕುಶಲಕರ್ಮಿಗಳು ಕೂದಲಿನ ತುದಿಗೆ ಕತ್ತರಿ ಹಾಕುವುದಿಲ್ಲ, ಕೊಮಾ ಅನ್ನುವ ಮರದ ಅಚ್ಚಿನೊಳಗೆ ಕೂದಲನ್ನು ಇಳಿಸಿ ಆಕಾರ ತರುತ್ತಾರೆ. 2011ರಲ್ಲಿ ವಿಶ್ವಕಪ್ ಗೆದ್ದ ಜಪಾನಿನ ಮಹಿಳಾ ಫುಟ್‌ಬಾಲ್ ತಂಡಕ್ಕೆ ಸರ್ಕಾರ ನೆನಪಿನ ಕಾಣಿಕೆಯಾಗಿ ಕೊಟ್ಟದ್ದು ಕುಮಾನೋದ ಮೇಕಪ್ ಬ್ರಷ್‌ಗಳನ್ನೇ.

ಇನ್ನು ಪ್ರಾಣಿಯ ಕೂದಲೋ ಸಿಂಥೆಟಿಕ್ಕೋ ಅನ್ನುವ ಜಗಳ. ಮೇಕೆ, ಅಳಿಲು ಇಂಥವುಗಳ ಕೂದಲಿನ ಮೇಲ್ಮೈ ನಯವಾಗಿರುವುದಿಲ್ಲ, ಹೆಂಚು ಹೊದಿಸಿದ ಹಾಗೆ ಒಂದರ ಮೇಲೊಂದು ಪೊರೆ ಇರುತ್ತದೆ. ಆ ಸಂದಿಗಳಲ್ಲಿ ಪೌಡರ್ ಹಿಡಿದುಕೊಂಡು ನಿಧಾನವಾಗಿ ಬಿಡುತ್ತದೆ. ಸಿಂಥೆಟಿಕ್ ಅಂದರೆ ನೈಲಾನ್ ಅಥವಾ ಪಾಲಿಯೆಸ್ಟರ್ ಎಳೆ, ನುಣುಪು, ಹಾಗಾಗಿ ಕ್ರೀಮು, ಲಿಕ್ವಿಡ್ಡು ಹೀರಿಕೊಳ್ಳುವುದಿಲ್ಲ. ಹಚ್ಚಬೇಕಾದ್ದು ಮುಖಕ್ಕೇ ಹೋಗುತ್ತದೆ, ಬ್ರಷ್ಷಿನ ಹೊಟ್ಟೆಗಲ್ಲ. ಈಗೀಗ ಪೌಡರ್‌ಗೂ ಒಳ್ಳೊಳ್ಳೆ ಸಿಂಥೆಟಿಕ್ ಬ್ರಷ್ ಬಂದಿವೆ. ನನ್ನ ಹತ್ತಿರ ಹಳೆಯ ಮೇಕೆ ಕೂದಲಿನ ಬ್ರಷ್ ಎರಡಿವೆ, ಹೊಸದಾಗಿ ಕೊಂಡದ್ದೆಲ್ಲ ಸಿಂಥೆಟಿಕ್ಕೇ. ತೊಳೆಯುವುದು ಸುಲಭ, ಪ್ರಾಣಿಯ ವಿಚಾರದಲ್ಲಿ ಮನಸ್ಸಿಗೂ ಹಗುರ.

ಶುರುವಿನಲ್ಲಿ ನಾನೂ ಎಲ್ಲರ ಹಾಗೆ 24 ಬ್ರಷ್ಷಿನ ಸೆಟ್ ಕೊಂಡಿದ್ದೆ. ಒಂದೊಂದಕ್ಕೂ ಒಂದೊಂದು ಹೆಸರು. ಬಳಸಿದ್ದು ಐದನ್ನು, ಉಳಿದವು ಹಾಗೇ ದೂಳು ತಿಂದವು. ನಿಜ ಹೇಳಬೇಕೆಂದರೆ ಹಿಡಿಯ ಮೇಲೆ ಬರೆದಿರುವ ಹೆಸರಿಗೆ ಅಷ್ಟೊಂದು ಬೆಲೆ ಕೊಡಬೇಕಿಲ್ಲ. ಕೂದಲು ದಟ್ಟವಾಗಿದೆಯೋ ಸಡಿಲವಾಗಿದೆಯೋ, ಗಿಡ್ಡವೋ ಉದ್ದವೋ, ಇಷ್ಟು ನೋಡಿದರೆ ಸಾಕು. ಗಿಡ್ಡ, ದಟ್ಟ ಇದ್ದರೆ ಬಣ್ಣ ಒಂದೇ ಕಡೆ ಗಾಢವಾಗಿ ಕೂರುತ್ತದೆ. ಉದ್ದ, ಸಡಿಲ ಇದ್ದರೆ ತೆಳ್ಳಗೆ ಹರಡುತ್ತದೆ. ನಂಬಿಕೆ ಬರದಿದ್ದರೆ ಒಂದೇ ಬ್ಲಶ್ ತಗೊಂಡು ಒಂದು ಕೆನ್ನೆಗೆ ದಟ್ಟ ಬ್ರಷ್ಷಲ್ಲಿ, ಇನ್ನೊಂದಕ್ಕೆ ಸಡಿಲ ಬ್ರಷ್ಷಲ್ಲಿ ಹಚ್ಚಿ ಕನ್ನಡಿ ನೋಡಿ. ನಾನು ನೋಡಿಕೊಂಡಾಗ ಒಂದು ಕಡೆ ಯಾರೋ ಹೊಡೆದ ಹಾಗಿತ್ತು, ಇನ್ನೊಂದು ಕಡೆ ಸರಿಯಾಗಿತ್ತು. ಬಣ್ಣ ಜಾಸ್ತಿಯಾಯಿತು ಅಂತ ನಾವು ಬ್ಲಶ್ಷನ್ನು ಬೈಯುತ್ತೇವೆ, ಎಷ್ಟೋ ಸಲ ತಪ್ಪು ಬ್ರಷ್ಷಿನದು.

ಸ್ವಂತಕ್ಕಾದರೆ ಐದೇ ಸಾಕು. ಫೌಂಡೇಶನ್‌ಗೆ ದಟ್ಟವಾದ ದುಂಡು ತಲೆಯದು, ಪೌಡರ್‌ಗೆ ದೊಡ್ಡ ಸಡಿಲದ್ದು, ಬ್ಲಶ್‌ಗೆ ಅದಕ್ಕಿಂತ ಚಿಕ್ಕದು, ಕಣ್ಣಿಗೆ ಒಂದು ಚಪ್ಪಟೆ ಮತ್ತು ಒಂದು ಪೊದೆಯಂಥದ್ದು. ಲೈನರ್ ಬ್ರಷ್ ಆಮೇಲೆ ನೋಡಿಕೊಳ್ಳಬಹುದು.

ಬಳಸುವುದರಲ್ಲಿ ನಾನು ತಡವಾಗಿ ಕಲಿತದ್ದು ಹಿಡಿಯುವ ಜಾಗ. ಕುತ್ತಿಗೆಯ ಹತ್ತಿರ ಹಿಡಿದರೆ ಒತ್ತಡ ಜಾಸ್ತಿ ಬೀಳುತ್ತದೆ, ಹಿಡಿಯ ಕೊನೆಯಲ್ಲಿ ಹಿಡಿದರೆ ಕೈ ತಾನಾಗೇ ಹಗುರಾಗುತ್ತದೆ. ಐಶ್ಯಾಡೋ ಬೆರೆಸುವಾಗ ಕೊನೆಯಲ್ಲೇ ಹಿಡಿಯುತ್ತೇನೆ, ಲೈನರ್ ಎಳೆಯುವಾಗ ಹತ್ತಿರ. ಪೌಡರ್ ತಗೊಂಡ ಮೇಲೆ ಬ್ರಷ್ಷನ್ನು ಊದಬೇಡಿ, ಎಂಜಲು ಹಾರುತ್ತದೆ, ಡಬ್ಬಿಯ ಅಂಚಿಗೆ ಒಂದು ಸಲ ತಟ್ಟಿದರೆ ಆಯಿತು. ಫೌಂಡೇಶನ್ನನ್ನು ಗೋಡೆಗೆ ಬಣ್ಣ ಬಳಿದ ಹಾಗೆ ಎಳೆದರೆ ಗೆರೆ ಬೀಳುತ್ತದೆ. ಮೊದಲು ಕುಟ್ಟಿ ಕುಟ್ಟಿ ಕೂರಿಸಿ, ಆಮೇಲೆ ಸಣ್ಣ ಸಣ್ಣ ಸುತ್ತು ಹಾಕಬೇಕು. ಕಣ್ಣಿನ ಕೆಳಗೆ ಉಜ್ಜುವ ಮಾತೇ ಇಲ್ಲ.

ತೊಳೆಯುವ ವಿಷಯಕ್ಕೆ ಬರೋಣ. ಅಮೆರಿಕದ ಚರ್ಮವೈದ್ಯರ ಸಂಸ್ಥೆ, ಅಮೆರಿಕನ್ ಅಕಾಡೆಮಿ ಆಫ್ ಡರ್ಮಟಾಲಜಿ, ಹೇಳುವುದು 7ರಿಂದ 10 ದಿನಕ್ಕೊಮ್ಮೆ ತೊಳೆಯಿರಿ ಅಂತ. ಸ್ವಂತ ಬ್ರಷ್‌ಗಳಿಗೆ ನಾನು ಅದನ್ನೇ ಪಾಲಿಸುತ್ತೇನೆ. ಬೇರೆಯವರಿಗೆ ಬಳಸಿದ್ದನ್ನು ಇನ್ನೊಬ್ಬರ ಮುಖಕ್ಕೆ ಮುಟ್ಟಿಸುವ ಮೊದಲೇ ತೊಳೆದಿರಬೇಕು, ಅದರಲ್ಲಿ ರಾಜಿ ಇಲ್ಲ. ಹಾಗಾಗಿ ಎರಡು ಮೂರು ಜೊತೆ ಇಟ್ಟುಕೊಂಡಿದ್ದೇನೆ.

ನೀರು ಉಗುರು ಬೆಚ್ಚಗಿದ್ದರೆ ಸಾಕು. ಬ್ರಷ್ಷನ್ನು ತಲೆಕೆಳಗಾಗಿ ಹಿಡಿದು ಕೂದಲಿನ ಮುಕ್ಕಾಲು ಭಾಗ ಮಾತ್ರ ಒದ್ದೆ ಮಾಡುತ್ತೇನೆ, ನೀರು ಲೋಹದ ಕಡೆಗೆ ಹರಿಯಬಾರದು. ಅಂಗೈಯಲ್ಲಿ ಒಂದು ಹನಿ ಮಕ್ಕಳ ಶಾಂಪೂ. ಅದರ ಮೇಲೆ ಮೆಲ್ಲಗೆ ಸುತ್ತಿಸಿದರೆ ಮೊದಲು ನೊರೆಯೇ ಬರುವುದಿಲ್ಲ, ಕಂದು ಬಣ್ಣದ ಲೋಳೆ ಬರುತ್ತದೆ. ಅದನ್ನು ತೊಳೆದು ಎರಡನೇ ಸಲ ಹಾಕಿದಾಗ ನೊರೆ ಏಳುತ್ತದೆ, ಮೂರನೇ ಸಲಕ್ಕೆ ನೊರೆ ಬೆಳ್ಳಗಾಗುತ್ತದೆ. ನೊರೆ ಬೆಳ್ಳಗಾದ ಕೂಡಲೇ ನಿಲ್ಲಿಸಬೇಡಿ. ಬುಡದ ಹತ್ತಿರ ಬೆರಳಲ್ಲಿ ಹಿಂಡಿ ನೋಡಿ, ಅಲ್ಲಿಂದ ಮತ್ತೆ ಕಂದು ನೀರು ಬರುತ್ತದೆ. ನನ್ನ ಬ್ರಷ್ಷಿನೊಳಗೆ ಸಿಕ್ಕಿದ ಆ ಪದರ ಶುರುವಾಗುವುದೇ ಇಲ್ಲಿಂದ. ಬುಡವನ್ನು ಎರಡು ಬೆರಳ ನಡುವೆ ಹಿಂಡುತ್ತಾ ತುದಿಯ ಕಡೆಗೆ ಎಳೆಯಬೇಕು, ತುದಿಯಿಂದ ಬುಡಕ್ಕೆ ಯಾವತ್ತೂ ತಿಕ್ಕಬಾರದು.

ಬೇಗ ಅಳಿಸದ ಫೌಂಡೇಶನ್, ನೀರಿಗೆ ಹೋಗದ ಲೈನರ್ ಇಂಥವು ಶಾಂಪೂಗೆ ಬಗ್ಗುವುದಿಲ್ಲ. ಸಿಂಥೆಟಿಕ್ ಬ್ರಷ್ ಆದರೆ ಒಣಗಿದ್ದಾಗಲೇ ತುದಿಗೆ ಒಂದೆರಡು ಹನಿ ಎಣ್ಣೆ ಅಥವಾ ಕ್ಲೆನ್ಸಿಂಗ್ ಬಾಮ್ ತಾಗಿಸಿ ಕರಗಿಸಿ, ಆಮೇಲೆ ಶಾಂಪೂ. ಎಣ್ಣೆ ಕುತ್ತಿಗೆಗೆ ಇಳಿಯದ ಹಾಗೆ ಎಚ್ಚರ, ಅಂಟಿಗೆ ಅದೂ ಆಗಿಬರುವುದಿಲ್ಲ. ಮೇಕೆ ಕೂದಲಿನವಕ್ಕೆ ಇದೆಲ್ಲ ಬೇಡ, ಅವಕ್ಕೆ ನಾನು ಕ್ರೀಮೇ ಮುಟ್ಟಿಸುವುದಿಲ್ಲ. ಪಾತ್ರೆ ತೊಳೆಯುವ ಲಿಕ್ವಿಡ್ಡೂ ಅವಕ್ಕೆ ಹಾಕಬೇಡಿ, ಒಂದು ಸಲ ಹಾಕಿ ನೋಡಿದ್ದೇನೆ, ಪೊರಕೆ ಕಡ್ಡಿಯಂತಾಯಿತು.

ಕೆಲಸದ ಮಧ್ಯೆ ಒಂದೇ ಬ್ರಷ್ ಮತ್ತೆ ಬೇಕಾದರೆ ರೋಗಾಣು ಕೊಲ್ಲುವ 70 ಶೇಕಡಾ ಐಸೋಪ್ರೊಪೈಲ್ ಆಲ್ಕೊಹಾಲ್. ಬ್ರಷ್ಷಿಗೆ ಸುರಿಯುವುದಲ್ಲ, ತುದಿಗೆ ಸಿಂಪಡಿಸಿ ಟಿಶ್ಯೂ ಮೇಲೆ ಬಣ್ಣ ಬಿಡುವುದು ನಿಲ್ಲುವವರೆಗೆ ಒರೆಸುವುದು, ಆಮೇಲೆ ಇನ್ನೊಂದು ಸಲ ಸಿಂಪಡಿಸಿ ಹಾಗೇ ಆರಲು ಬಿಡುವುದು. 99 ಶೇಕಡಾ ಇನ್ನೂ ಒಳ್ಳೆಯದಲ್ವಾ ಅಂತ ಕೇಳುವವರಿದ್ದಾರೆ. ಅದು ಥಟ್ಟನೆ ಆರಿಹೋಗುತ್ತದೆ. ನೀರು ಬೆರೆತಿದ್ದರೇ ಅದು ಸ್ವಲ್ಪ ಹೊತ್ತು ನಿಂತು ಕೆಲಸ ಮಾಡುವುದು. ಆದರೆ ಬಣ್ಣ ಮೆತ್ತಿಕೊಂಡ ಬ್ರಷ್ಷಿಗೆ ಸುಮ್ನೆ ಆಲ್ಕೊಹಾಲ್ ಹೊಡೆದರೆ ಮೇಲ್ಮೇಲೆ ಒದ್ದೆಯಾಗುತ್ತದೆ ಅಷ್ಟೇ, ಒಳಗಿನ ಕೊಳೆ ಹಾಗೇ ಇರುತ್ತದೆ. ಮಸ್ಕಾರಾಗೆ ಒಬ್ಬೊಬ್ಬರಿಗೂ ಹೊಸ ಕಡ್ಡಿ, ಬಳಸಿ ಬಿಸಾಡುವಂಥದ್ದು.

ಬ್ರಷ್ಷಿನ ಬದಲು ಫೌಂಡೇಶನ್ ಹಚ್ಚಲು ಬಳಸುವ ಸ್ಪಾಂಜಿನ ಬಗ್ಗೆ ಜಾಸ್ತಿ ಹೇಳುವುದಿಲ್ಲ. ಬ್ರಿಟನ್ನಿನ ಆಸ್ಟನ್ ವಿಶ್ವವಿದ್ಯಾಲಯದವರು ಬಳಕೆಯಲ್ಲಿದ್ದ ಮೇಕಪ್ ಸಾಮಾನುಗಳನ್ನು ಪರೀಕ್ಷೆ ಮಾಡಿ 2019ರಲ್ಲಿ ವರದಿ ಕೊಟ್ಟರು, ಅದರಲ್ಲಿ 93 ಶೇಕಡಾ ಸ್ಪಾಂಜುಗಳನ್ನು ಯಾರೂ ಒಂದು ಸಲವೂ ತೊಳೆದಿರಲಿಲ್ಲ. ಒದ್ದೆ ಮಾಡಿ ಬಳಸುವ ವಸ್ತು, ಒದ್ದೆಯಲ್ಲೇ ಡಬ್ಬಿಯೊಳಗೆ ಹೋಗುತ್ತದೆ. ಓದಿದ ಮೇಲೆ ಬೇರೆಯವರಿಗೆ ಸ್ಪಾಂಜ್ ಬಳಸುವುದನ್ನೇ ಬಿಟ್ಟೆ.

ಒಣಗಿಸುವುದೇ ದೊಡ್ಡ ಕೆಲಸ. ಟವೆಲ್ಲಿನಲ್ಲಿ ಮೆಲ್ಲಗೆ ಹಿಂಡಿ, ಬೆರಳಲ್ಲಿ ಆಕಾರಕ್ಕೆ ತಂದು, ಮೇಜಿನ ಅಂಚಿನಲ್ಲಿ ಕೂದಲು ಹೊರಗೆ ಚಾಚಿರುವ ಹಾಗೆ ಮಲಗಿಸುತ್ತೇನೆ. ಟವೆಲ್ಲಿನ ಮೇಲೇ ಪೂರ್ತಿ ಮಲಗಿಸಿದರೆ ಒಂದು ಪಕ್ಕ ಚಪ್ಪಟೆಯಾಗುತ್ತದೆ, ಕೆಳಗಿನ ತೇವ ಆರುವುದಿಲ್ಲ. ಹಿಡಿಯ ಕಡೆಗೆ ಒಂದು ಮಡಿಸಿದ ಬಟ್ಟೆ ಇಟ್ಟು ಸ್ವಲ್ಪ ಎತ್ತರ ಮಾಡುತ್ತೇನೆ, ನೀರು ತುದಿಯ ಕಡೆಗೇ ಇಳಿಯಲಿ ಅಂತ. ಹೇರ್ ಡ್ರೈಯರ್ ಬೇಡ, ಬಿಸಿಗೆ ಸಿಂಥೆಟಿಕ್ ಎಳೆ ಸುರುಟಿಕೊಂಡರೆ ಮತ್ತೆ ನೆಟ್ಟಗಾಗುವುದಿಲ್ಲ.

ಐಶ್ಯಾಡೋದವು ಬೆಳಗಾಗುವಷ್ಟರಲ್ಲಿ ಆರಿರುತ್ತವೆ. ಫೌಂಡೇಶನ್ನಿನ ದಟ್ಟ ಬ್ರಷ್ ಮಾತ್ರ ಮೋಸ ಮಾಡುತ್ತದೆ. ಮುಟ್ಟಿದರೆ ಒಣಗಿದೆ ಅನ್ನಿಸುತ್ತದೆ, ಕೂದಲನ್ನು ಬೆರಳಲ್ಲಿ ಬಿಡಿಸಿ ಬುಡಕ್ಕೆ ಟಿಶ್ಯೂ ಒತ್ತಿದರೆ ಒದ್ದೆಯ ಗುರುತು ಬೀಳುತ್ತದೆ. ಗುರುತು ಬಿದ್ದರೆ ಪೌಚಿಗೆ ಹಾಕುವುದಿಲ್ಲ, ಇನ್ನೊಂದು ರಾತ್ರಿ ಮೇಜಿನ ಮೇಲೇ ಇರುತ್ತದೆ.