ಎರಡು ಎಂಎಂ ಶೀಟಿನಲ್ಲಿ ಗಟ್ಟಿ ಲಾರಿ ಬಾಡಿ: ನನ್ನ ಅನುಭವ

ಲಾರಿಗೆ ಬಾಡಿ ಕಟ್ಟಿಸಲು ಬರುವ ಮಾಲೀಕರು ಮೊದಲು ಕೇಳುವುದು ಶೀಟು ಎಷ್ಟು ಎಂಎಂ ಎಂದು. ಬದಿಗೆ ಮೂರು, ತಳಕ್ಕೆ ಹಲಗೆಯ ಮೇಲೆ ಮತ್ತೊಂದು ಮೂರು ಎಂದರೆ ಅವರಿಗೆ ಸಮಾಧಾನ. ಬದಿಗೆ ಎರಡು, ತಳಕ್ಕೆ ಹಲಗೆಯೇ ಇಲ್ಲ ಎಂದರೆ ಕುರ್ಚಿಯಿಂದ ಎದ್ದು, ತಮಿಳುನಾಡಿನ ನಾಮಕ್ಕಲ್ ಕಡೆಗೇ ಹೋಗಿ ಕಟ್ಟಿಸುತ್ತೇವೆ ಎನ್ನುತ್ತಿದ್ದರು. ಪೂನಾ-ಬೆಂಗಳೂರು ರಸ್ತೆಯ ಮಗ್ಗುಲಲ್ಲಿ, ಹಾವೇರಿ ಸೀಮೆಯಲ್ಲಿರುವ ನಮ್ಮ ಶೆಡ್ಡಿನಿಂದ ಈಗ ಹೊರಬೀಳುವ ಮೂರು ಆಕ್ಸಲ್ ಲಾರಿಗಳೆಲ್ಲ ಇದೇ ಎರಡು ಎಂಎಂ ಬದಿಯವು, ಮತ್ತು ಮೊದಮೊದಲು ಕಟ್ಟಿದವು ನಾಲ್ಕೈದು ಮಳೆಗಾಲ ಕಂಡೂ ಬದಿ ಉಬ್ಬದೆ ಓಡುತ್ತಿವೆ. ಎದ್ದು ಹೋದವರಲ್ಲಿ ಕೆಲವರು ಎರಡನೆಯ ಗಾಡಿಗೆ ನಮ್ಮಲ್ಲಿಗೇ ಬಂದದ್ದರಿಂದ ಇದನ್ನು ಬರೆಯುವ ಧೈರ್ಯ ಬಂದಿದೆ.

ನಮ್ಮ ಗಾಡಿಗಳ ಪಾಡನ್ನು ಮೊದಲು ಹೇಳಬೇಕು. ಸುಗ್ಗಿಯಲ್ಲಿ ಇವು ಹಾವೇರಿ, ರಾಣೆಬೆನ್ನೂರು, ದಾವಣಗೆರೆಯ ಮೆಕ್ಕೆಜೋಳವನ್ನು ನಾಮಕ್ಕಲ್ಲಿನ ಕೋಳಿ ಆಹಾರದ ಗಿರಣಿಗಳಿಗೆ ಒಯ್ಯುತ್ತವೆ. ಉಳಿದ ಕಾಲದಲ್ಲಿ ಅರಬೈಲ್ ಘಟ್ಟ ಇಳಿದು ಮಂಗಳೂರು ಬಂದರಿಗೆ ಹೋಗಿ ಗೊಬ್ಬರ ಹೇರಿಕೊಂಡು ಬರುತ್ತವೆ. ಹೀಗಾಗಿ ಒಂದೇ ಬಾಡಿ ಬದಿಗೆ ಒತ್ತುವ ಕಾಳನ್ನೂ, ತಳವನ್ನು ತಿನ್ನುವ ಪೊಟ್ಯಾಷನ್ನೂ, ಗಾಡಿಯ ತಳದ ಚೌಕಟ್ಟಾದ ಚಾಸಿಸ್ಸನ್ನು ತಿರುಚುವ ಘಟ್ಟವನ್ನೂ ತಾಳಬೇಕು. ಸಡಿಲ ಮೆಕ್ಕೆಜೋಳ ಘನ ಮೀಟರಿಗೆ ಏಳುನೂರು ಚಿಲ್ಲರೆ ಕೆಜಿ ತೂಗುತ್ತದೆ. ಐದಡಿ ಎತ್ತರ ತುಂಬಿದರೆ ಬದಿಯ ಬುಡದಲ್ಲಿ ಚದರ ಮೀಟರಿಗೆ ನಾನೂರು ಕೆಜಿಗೂ ಮೀರಿದ ಒತ್ತಡ ನಿಂತ ಗಾಡಿಯಲ್ಲೇ ಬೀಳುತ್ತದೆ, ತಿರುವಿನಲ್ಲಿ ಅದು ಇನ್ನೂ ಏರುತ್ತದೆ. ಬದಿಯನ್ನು ಮೂರಡಿಯಿಂದ ನಾಲ್ಕೂವರೆ ಅಡಿಗೆ ಏರಿಸಿದರೆ ಎತ್ತರ ಒಂದೂವರೆ ಪಟ್ಟಾಗುತ್ತದೆ, ಆದರೆ ಬದಿಯನ್ನು ಹಿಡಿದು ನಿಲ್ಲಿಸುವ ಕಂಬದ, ಅಂದರೆ ಪಿಲ್ಲರಿನ, ಬುಡವನ್ನು ಬಗ್ಗಿಸುವ ಬಲ ಮೂರು ಪಟ್ಟನ್ನೂ ದಾಟುತ್ತದೆ. ಹಳೆಯ ಪಿಲ್ಲರಿಗೇ ಪಟ್ಟಿ ಬೆಸೆದು ಎತ್ತರ ಮಾಡಿಸಿಕೊಂಡ ಗಾಡಿಗಳು ಬುಡದಲ್ಲೇ ಬಿರಿಯುವುದು ಇದೇ ಕಾರಣಕ್ಕೆ.

2018ರ ಜುಲೈನಲ್ಲಿ ಆಕ್ಸಲ್ ಭಾರದ ಮಿತಿ ಏರಿ, ಮೂರು ಆಕ್ಸಲ್ ಲಾರಿಯ ಒಟ್ಟು ತೂಕ 25 ಟನ್ನಿನಿಂದ 28.5 ಟನ್ನಿಗೆ ಹೋದಾಗ ಎಲ್ಲರೂ ಇನ್ನೂ ದಪ್ಪ ಬಾಡಿ ಬೇಕೆಂದರು. ಹೆಚ್ಚಿಗೆ ಸಿಕ್ಕ ತೂಕದಲ್ಲಿ ಒಂದು ಪಾಲನ್ನು ಬಾಡಿಯ ತೂಕಕ್ಕೇ ಕೊಟ್ಟುಬಿಟ್ಟರೆ ಬಾಡಿಗೆ ಹಣ ಸಿಗುವುದು ಯಾವುದಕ್ಕೆ ಎಂದು ನಾನು ವಾದಿಸುತ್ತಿದ್ದೆ. ಆಗ ನಮ್ಮಲ್ಲಿ ಇಪ್ಪತ್ತೆರಡು ಅಡಿಯ ಬಾಡಿಗೆ ಬದಿಗೆ 3 ಎಂಎಂ ಚಪ್ಪಟೆ ಶೀಟು, ಎರಡಡಿಗೊಂದು 75 ಎಂಎಂ ಚಾನೆಲ್ಲಿನ (ಸಿ ಆಕಾರದ ಉಕ್ಕಿನ) ಪಿಲ್ಲರು, ತಳಕ್ಕೆ ಒಂದೂವರೆ ಇಂಚಿನ ಮತ್ತಿ ಹಲಗೆ, ಅದರ ಮೇಲೆ ಶೀಟು ಇರುತ್ತಿದ್ದವು. ತಳದ ಹಲಗೆಯೊಂದೇ ಐನೂರು ಕೆಜಿ ಆಗುತ್ತಿತ್ತು. ದಾಂಡೇಲಿ, ಹಳಿಯಾಳದ ಡಿಪೊ ಹರಾಜಿನಲ್ಲಿ ಒಳ್ಳೆಯ ಮತ್ತಿಯ ದರ ಕೈಗೆ ಎಟುಕದಂತಾದ ಮೇಲೆ ಹಸಿ ಮರವೇ ಬರತೊಡಗಿತು. ಹಸಿ ಹಲಗೆ ಒಣಗಿ ಸಂದು ಬಿಟ್ಟರೆ ಅದರೊಳಗೆ ಪೊಟ್ಯಾಷಿನ ಪುಡಿ ಇಳಿಯುತ್ತದೆ. ಪೊಟ್ಯಾಷೆಂದರೆ ಒಂದು ಬಗೆಯ ಉಪ್ಪೇ. ಮಳೆಯ ತೇವಕ್ಕೆ ಅದು ಕರಗಿ ಹಲಗೆಗೂ ಅದರಡಿಯ ಅಡ್ಡ ತೊಲೆಗೂ (ಕ್ರಾಸ್ ಮೆಂಬರಿಗೂ) ನಡುವೆ ನಿಂತುಬಿಟ್ಟರೆ ಒಣಗುವ ಮಾತೇ ಇಲ್ಲ. ಮೂರು ವರ್ಷ ಓಡಿದ ಒಂದು ಬಾಡಿಯ ಹಲಗೆ ಎಬ್ಬಿಸಿದಾಗ ಮರ ಗಟ್ಟಿಯಾಗಿಯೇ ಇತ್ತು, ಅದರಡಿಯ ಚಾನೆಲ್ಲಿನ ಮೇಲ್ಪಟ್ಟಿ ಮಾತ್ರ ಪದರ ಪದರವಾಗಿ ಕೈಗೆ ಬಂತು.

ತೆಳು ಶೀಟಿನ ವಿಚಾರ ಬಂದದ್ದು ಹಡಗಿನ ಕಂಟೇನರಿನಿಂದ. ಅಲೆಯಂತೆ ಮಡಿಸಿದ ಅದರ ಬದಿಯ ಶೀಟು ಬರೇ 1.6 ಎಂಎಂ, ಮಡಿಕೆಯ ಆಳ 36 ಎಂಎಂ. ಅಷ್ಟರಲ್ಲೇ ಅದರ ಬದಿಗೆ ಸರಕಿನ ತೂಕದ 0.6 ಪಟ್ಟು ಬಲ ಹಾಕಿ ಪರೀಕ್ಷಿಸುತ್ತಾರೆ. ಮಡಿಕೆ ಹಾಕಿದ ಎರಡು ಎಂಎಂ ಶೀಟು ಮಡಿಕೆಯ ಉದ್ದಕ್ಕೆ ಮೂರು ಎಂಎಂ ಚಪ್ಪಟೆ ಶೀಟಿಗಿಂತ ನೂರು ಪಟ್ಟಿಗೂ ಮೀರಿ ಬಿಗಿಯಾಗಿರುತ್ತದೆ ಎಂದು ಲೆಕ್ಕ ಹಾಕಿ ತೋರಿಸಿದರೂ ನಮ್ಮ ಹಿರಿಯ ಮಿಸ್ತ್ರಿಗಳು ತಲೆಯಾಡಿಸಲಿಲ್ಲ. ಅವರ ಅನುಮಾನದಲ್ಲಿ ಹುರುಳೂ ಇತ್ತು. ಕಂಟೇನರಿಗೆ ಮೇಲೆ ಚಾವಣಿಯಿದೆ, ಬದಿಯ ಮೇಲಂಚನ್ನು ಅದು ಹಿಡಿದಿರುತ್ತದೆ. ನಮ್ಮ ಲಾರಿಯ ಬಾಡಿ ಮೇಲೆ ತೆರೆದೇ ಇರುವಂಥದ್ದು.

ಮೊದಲ ಬಾಡಿಗೆ ಮಡಿಕೆಗಳನ್ನು ಅಡ್ಡಡ್ಡ ಹಾಕಿಸಿದ್ದೆವು, ಪಿಲ್ಲರುಗಳನ್ನು ಹಾಗೆಯೇ ಉಳಿಸಿಕೊಂಡಿದ್ದೆವು. ಬಲಕ್ಕೆ ಅದರಲ್ಲಿ ಕೊರತೆಯಿರಲಿಲ್ಲ. ಆದರೆ ಒಂದೊಂದು ಮಡಿಕೆಯ ಮೇಲೂ ಕಾಳು, ಗೊಬ್ಬರ, ನೀರು ಕೂರುತ್ತಿದ್ದವು, ಬಣ್ಣ ಒಂದು ಮಳೆಗಾಲಕ್ಕೇ ಏಳುತ್ತಿತ್ತು, ಚೀಲದ ಅಂಚು ಸಿಕ್ಕಿ ಹರಿಯುತ್ತದೆಂದು ಹಮಾಲರು ಮುನಿಸಿಕೊಂಡರು. ತೂಕವೂ ಹೇಳಿಕೊಳ್ಳುವಷ್ಟು ಇಳಿಯಲಿಲ್ಲ, ಏಕೆಂದರೆ ಅಡ್ಡ ಮಡಿಕೆಗೆ ಪಿಲ್ಲರುಗಳ ಆಸರೆ ಬೇಕೇ ಬೇಕು.

ಆಮೇಲೆ ಮಡಿಕೆಗಳನ್ನು ನೆಟ್ಟಗೆ ನಿಲ್ಲಿಸಿ, ಪಿಲ್ಲರುಗಳನ್ನು ಪೂರ್ತಿ ತೆಗೆದು, ಮೇಲಂಚಿಗೆ ಒಂದು ಆಂಗಲ್ (ಎಲ್ ಆಕಾರದ ಉಕ್ಕಿನ ಪಟ್ಟಿ) ಕಟ್ಟಿದೆವು. ಅದೇ ಸುಗ್ಗಿಯಲ್ಲಿ ಆ ಗಾಡಿ ಎರಡೂ ಬದಿ ನಡುಭಾಗದಲ್ಲಿ ನಾಲ್ಕು ಬೆರಳು ಹೊರಗೆ ಉಬ್ಬಿಸಿಕೊಂಡು ವಾಪಸು ಬಂತು. ಶೀಟು ಒಂದಿಷ್ಟೂ ಮಡಿದಿರಲಿಲ್ಲ, ಸೋತದ್ದು ಮೇಲಂಚು. ಕಾಳು ಬದಿಯನ್ನು ಒತ್ತುವ ಬಲದಲ್ಲಿ ಮೂರರಲ್ಲಿ ಎರಡು ಪಾಲು ತಳದಂಚಿಗೆ ಇಳಿದರೂ ಉಳಿದ ಒಂದು ಪಾಲನ್ನು ಮೇಲಂಚೇ ಹೊತ್ತು ಎರಡೂ ತುದಿಗಳಿಗೆ ಮುಟ್ಟಿಸಬೇಕು, ಮತ್ತು ಇಪ್ಪತ್ತೆರಡು ಅಡಿ ಉದ್ದಕ್ಕೆ ಯಾವ ಆಂಗಲ್ಲೂ ಆ ಕೆಲಸ ಮಾಡಲಾರದು. ಆ ಗಾಡಿಯ ಬದಿಗಳನ್ನು ನಮ್ಮ ಖರ್ಚಿನಲ್ಲೇ ಬದಲಿಸಿ ಕೊಟ್ಟೆವು. ಎಪ್ಪತ್ತು ಸಾವಿರದ ಹತ್ತಿರ ಕೈಬಿಟ್ಟಿತು.

ಈಗ ನಡೆಯುತ್ತಿರುವ ಕ್ರಮದಲ್ಲಿ ಮಡಿಕೆ ನೆಟ್ಟಗೇ ಇದೆ, ಮೇಲಂಚಿಗೆ 80x40ರ ಮೂರು ಎಂಎಂ ದಪ್ಪದ ಬಾಕ್ಸು (ಆಯತದ ಉಕ್ಕಿನ ಕೊಳವೆ), ಐದಡಿಗೊಂದು ದೊಡ್ಡ ಬಾಕ್ಸ್ ಪಿಲ್ಲರು, ಮತ್ತು ಎದುರು ಬದುರು ಪಿಲ್ಲರುಗಳ ತಲೆಗಳನ್ನು ಜೋಡಿಸುವ ಅಡ್ಡ ಸರಪಳಿಗಳು ಇರುತ್ತವೆ. ಸರಪಳಿ ಹಳೆಯ ಬಾಡಿಗಳಲ್ಲೂ ಇತ್ತು, ಆದರೆ ಅಲ್ಲಿ ಅದು ಶೀಟಿಗೆ ಬೆಸೆದ ಕೊಂಡಿಗೆ ಜೋತಿರುತ್ತಿತ್ತು; ಅದನ್ನು ನೇರವಾಗಿ ಪಿಲ್ಲರಿಗೇ ಕಟ್ಟಿದಾಗ ಎರಡೂ ಬದಿಯ ಒತ್ತಡ ಒಂದನ್ನೊಂದು ಹಿಡಿದುಕೊಳ್ಳುತ್ತದೆ. ಹೇರುವವರು ಸರಪಳಿ ಬಿಚ್ಚಿ ಮತ್ತೆ ಕಟ್ಟದಿದ್ದರೆ ಏನಾಗುತ್ತದೆಂದು ಕೇಳುವವರಿದ್ದಾರೆ. ಅದಕ್ಕೆಂದೇ ಪಿಲ್ಲರನ್ನು ಸರಪಳಿಯಿಲ್ಲದೆಯೂ ತಾಳುವಷ್ಟು ಇಟ್ಟಿದ್ದೇವೆ.

ಪಿಲ್ಲರಿನ ಬುಡದ ಬಗ್ಗೆ ನಿಧಾನವಾಗಿ ಹೇಳಬೇಕು, ಏಕೆಂದರೆ ನಾನು ಕಂಡ ಬಾಡಿಗಳಲ್ಲಿ ಹೆಚ್ಚಿನವು ಸಾಯುವುದು ಅಲ್ಲಿಯೇ. ಪಿಲ್ಲರನ್ನು ತಳದ ಮೇಲೆ ನಿಲ್ಲಿಸಿ ಸುತ್ತ ವೆಲ್ಡಿಂಗ್ ಹೊಡೆದು, ಬಲಕ್ಕೆಂದು ಒಂದು ತ್ರಿಕೋನದ ಗಸೆಟ್, ಅಂದರೆ ಆಸರೆಯ ತಗಡು, ಇಟ್ಟರೆ, ಆ ಗಸೆಟ್ಟಿನ ತುದಿ ಎಲ್ಲಿ ಥಟ್ಟನೆ ಮುಗಿಯುತ್ತದೋ ಅಲ್ಲಿಂದಲೇ ಬಿರುಕು ಏಳುತ್ತದೆ. ಮೊದಲು ಬಣ್ಣದ ಮೇಲೆ ಕೂದಲೆಳೆಯಂಥ ಒಂದು ಕಂದು ಗೆರೆ ಕಾಣುತ್ತದೆ, ಬೆರಳಿನಿಂದ ಒರೆಸಿದರೆ ತುಕ್ಕಿನ ನೀರು ಹತ್ತುತ್ತದೆ. ಎರಡು ತಿಂಗಳಲ್ಲಿ ಆ ಗೆರೆ ಪಿಲ್ಲರಿನ ಮೂಲೆ ದಾಟಿ ಪಕ್ಕದ ಮುಖಕ್ಕೆ ತಿರುಗಿರುತ್ತದೆ. ಮೇಲೆ ಮೇಲೆ ವೆಲ್ಡಿಂಗ್ ಹೊಡೆದಷ್ಟೂ ಬಿರುಕು ಸ್ವಲ್ಪ ಮೇಲಿನಿಂದ ಮತ್ತೆ ಶುರುವಾಗುತ್ತದೆ. ನಾವು ಪಿಲ್ಲರನ್ನು ತಳದ ಮಟ್ಟಕ್ಕೆ ನಿಲ್ಲಿಸದೆ ಕೆಳಗಿನವರೆಗೆ ಇಳಿಸಿ, ಕ್ರಾಸ್ ಮೆಂಬರಿನ ತುದಿಗೆ ಅದರ ಪೂರ್ತಿ ಆಳಕ್ಕೆ ಕೂರಿಸುತ್ತೇವೆ. ಗಸೆಟ್ಟಿನ ತುದಿಯನ್ನು ಉದ್ದಕ್ಕೆ ಸಣಕಲು ಮಾಡಿ, ಎಳೆತ ಬೀಳುವ ಮುಖದ ಮೇಲೆ ಅಡ್ಡ ವೆಲ್ಡಿಂಗನ್ನು ಎಲ್ಲಿಯೂ ಹಾಕುವುದಿಲ್ಲ. ಪಿಲ್ಲರಿನ ಒಳಗೆ ಬುಡದಲ್ಲಿ ನಾವು ಇಡುವ ಒಂದು ತುಂಡು ಇದೆ, ಅದರ ಅಳತೆಯನ್ನು ಇಲ್ಲಿ ಬರೆಯುವುದಿಲ್ಲ. ಅದಕ್ಕೆ ಕೊಟ್ಟ ಬೆಲೆ ನನ್ನದು.

ತಳದಲ್ಲಿ ಹಲಗೆಯನ್ನು ಪೂರ್ತಿ ಬಿಟ್ಟೆವು. ಮೊದಲು ಇಪ್ಪತ್ತು ಇಂಚಿಗೊಂದರಂತೆ ಇರುತ್ತಿದ್ದ 75ರ ಚಾನೆಲ್ ಮೀಟರಿಗೆ ಏಳು ಕೆಜಿ ತೂಗುತ್ತದೆ. ಮೂರು ಎಂಎಂ ಶೀಟನ್ನೇ 100x50ರ ಸಿ ಆಕಾರಕ್ಕೆ ಪ್ರೆಸ್ ಮಾಡಿಸಿದರೆ ಮೀಟರಿಗೆ ನಾಲ್ಕೂವರೆ ಕೆಜಿ ಬರುತ್ತದೆ, ಬಾಗದೆ ತಡೆಯುವ ಶಕ್ತಿಯಲ್ಲಿ ಎರಡೂ ಹೆಚ್ಚು ಕಡಿಮೆ ಸಮ. ಹೀಗಾಗಿ ಹಿಂದಿನಷ್ಟೇ ತೂಕದಲ್ಲಿ ಅಡಿಗೊಂದು ಕ್ರಾಸ್ ಮೆಂಬರು ಕೂರಿಸಿ, ಮೇಲೆ ಹೆಚ್ಚು ಬಲದ ಇ350 ದರ್ಜೆಯ ಉಕ್ಕಿನ ಮೂರು ಎಂಎಂ ಪ್ಲೇಟು ಹಾಸಲು ಸಾಧ್ಯವಾಯಿತು. ಇ350ಕ್ಕೆ ಸಾಮಾನ್ಯ ಇ250ಕ್ಕಿಂತ ಕೆಜಿಗೆ ನಾಲ್ಕೈದು ರೂಪಾಯಿ ಹೆಚ್ಚು, ಆದರೆ ಕಬ್ಬಿಣದ ಸರಳು ಇಳಿಸುವಾಗ ಹಮಾಲರ ಸಬ್ಬಲಿನ ಏಟಿಗೆ ಅದು ಕುಳಿ ಬೀಳುವುದು ಕಡಿಮೆ. ಪ್ಲೇಟನ್ನು ಕ್ರಾಸ್ ಮೆಂಬರಿಗೆ ಉದ್ದಕ್ಕೆ ಒಂದೇ ಸಮನೆ ಬೆಸೆದರೆ ಶಾಖಕ್ಕೆ ತಳ ಅಲೆಅಲೆಯಾಗಿ, ಮೇಲೆ ನಡೆದರೆ ಡಬ್ಬದ ಮುಚ್ಚಳದಂತೆ ಟಪ್ಪೆನ್ನುತ್ತದೆ. ಎರಡಿಂಚು ಬೆಸೆದು ನಾಲ್ಕಿಂಚು ಬಿಡುತ್ತ, ನಡುವಿನಿಂದ ಹೊರಗೆ, ಒಮ್ಮೆ ಎಡಕ್ಕೆ ಒಮ್ಮೆ ಬಲಕ್ಕೆ ಹೋಗಬೇಕು. ಬಿಟ್ಟ ಸಂದುಗಳಿಗೆ ನೀರು ತಡೆಯುವ ಪಿಯು ಸೀಲೆಂಟ್ ಅಂಟು ತುಂಬದಿದ್ದರೆ ಪೊಟ್ಯಾಷ್ ಮತ್ತೆ ಅಲ್ಲಿಯೇ ಮನೆ ಮಾಡುತ್ತದೆ. ನೆಟ್ಟಗಿನ ಮಡಿಕೆಗಳು ತಳಕ್ಕೆ ಕೂಡುವಲ್ಲಿ ಉಳಿಯುವ ಸಣ್ಣ ಕುಳಿಗಳಿಗೆ ಇಳಿಜಾರಿನ ಪಟ್ಟಿ ಮುಚ್ಚುತ್ತೇವೆ. ಈ ಪಟ್ಟಿ ಇಲ್ಲದ ಮೊದಲ ಗಾಡಿಗಳಲ್ಲಿ ಪ್ರತಿ ಟ್ರಿಪ್ಪಿಗೂ ಒಂದು ಬುಟ್ಟಿ ಕಾಳು ಅಲ್ಲಿಯೇ ಉಳಿಯುತ್ತಿತ್ತು.

ಇಷ್ಟೆಲ್ಲ ಆದಮೇಲೂ ಎರಡು ಗಾಡಿಗಳಲ್ಲಿ ಕ್ಯಾಬಿನ್ನಿನ ಹಿಂದೆ, ಬಾಡಿಯ ಮುಂದಿನ ಮೂಲೆಗಳು ಬಿರಿದವು. ಎರಡೂ ಘಟ್ಟದ ಗಾಡಿಗಳೇ. ಚಾಸಿಸ್ ತಿರುಚಿಕೊಳ್ಳಲೆಂದೇ ಮಾಡಿದ್ದು. ಮಡಿಕೆಯ ಬದಿಯಿಂದಾಗಿ ನಮ್ಮ ಬಾಡಿ ಮೊದಲಿಗಿಂತ ಬಿಗಿಯಾಗಿ, ಚಾಸಿಸ್ಸಿನ ಜೊತೆ ತಿರುಗಲು ಒಲ್ಲೆನೆಂದಿತು. ಬಾಡಿಯನ್ನು ಚಾಸಿಸ್ಸಿಗೆ ಬಿಗಿಯುವ ಮುಂದಿನ ಎರಡು ಜೋಡಿ ಯು-ಬೋಲ್ಟುಗಳ ಜಾಗಕ್ಕೆ ಸ್ಪ್ರಿಂಗ್ ಕೂರಿಸಿದ ಬೋಲ್ಟು ಹಾಕಿ, ಹಿಂಭಾಗದಲ್ಲಿ ಮಾತ್ರ ಬಿಗಿ ಪ್ಲೇಟು ಉಳಿಸಿ, ಬಾಡಿಗೂ ಚಾಸಿಸ್ಸಿಗೂ ನಡುವಿನ ಸಬ್-ಫ್ರೇಮಿನ ಮುಂತುದಿಯನ್ನು ಓರೆಯಾಗಿ ಕೊಯ್ದ ಮೇಲೆ ಆ ದೂರು ನಿಂತಿದೆ. ಚಾಸಿಸ್ಸಿನ ಮೇಲ್ಪಟ್ಟಿಗೆ ತೂತು ಕೊರೆಯುವುದು, ವೆಲ್ಡಿಂಗ್ ಮುಟ್ಟಿಸುವುದು ಕೂಡದೆಂಬುದು ಎಲ್ಲರಿಗೂ ಗೊತ್ತು, ಆದರೂ ಮಾಡುವವರು ಮಾಡುತ್ತಲೇ ಇದ್ದಾರೆ.

ಈಗ ಹಣದ ಮಾತು. ಶೀಟು ಮಡಿಸುವ ಪ್ರೆಸ್ ಬ್ರೇಕ್ ಯಂತ್ರ ನಮ್ಮಲ್ಲಿಲ್ಲ, ಹುಬ್ಬಳ್ಳಿಯಲ್ಲಿ ಮಡಿಸಿ ತರಿಸುತ್ತೇವೆ. ಮಡಿಕೆಯ ಕೂಲಿ, ಸಾಗಣೆ, ಕೆಟ್ಟ ಶೀಟು ಎಲ್ಲ ಸೇರಿ ಮೊದಲ ಬಾಡಿಗಳು ಹಳೆಯ ಕ್ರಮಕ್ಕಿಂತ ನಲವತ್ತು ಐವತ್ತು ಸಾವಿರ ಹೆಚ್ಚಿಗೆ ಬಿದ್ದವು. ಈಗ ಹಲಗೆಯ ಖರ್ಚು ಉಳಿದದ್ದರಿಂದ ಎರಡೂ ಸರಿಸುಮಾರು ಒಂದೇ, ಒಮ್ಮೊಮ್ಮೆ ನಮ್ಮದೇ ಹತ್ತು ಸಾವಿರ ಅಗ್ಗ. ವೇ ಬ್ರಿಜ್ಜಿನಲ್ಲಿ ಖಾಲಿ ಗಾಡಿ ಹಳೆಯದಕ್ಕಿಂತ ಆರುನೂರರಿಂದ ಏಳುನೂರು ಕೆಜಿ ಕಡಿಮೆ ತೂಗುತ್ತದೆ. ಟನ್ನಿಗೆ ಸಾವಿರದ ಐನೂರರ ಆಸುಪಾಸು ಬಾಡಿಗೆ ಹಿಡಿದರೆ ತುಂಬಿದ ಒಂದೊಂದು ಟ್ರಿಪ್ಪಿಗೂ ಸಾವಿರ ರೂಪಾಯಿ ಮಾಲೀಕನ ಕೈಗೆ ಉಳಿಯುತ್ತದೆ, ಅದೂ ಓವರ್‌ಲೋಡ್ ದಂಡದ ಹೆದರಿಕೆಯಿಲ್ಲದೆ. ಲಾರಿ ಬಾಡಿ ಕಟ್ಟುವ ನಿಯಮಾವಳಿಯಾದ ಎಐಎಸ್-093ರ ಪ್ರಕಾರ ನಕ್ಷೆ, ಮಂಜೂರಾತಿ ಮಾಡಿಸಲು ತಗುಲಿದ ಖರ್ಚು ಬೇರೆ. ಅದನ್ನು ಒಂದು ಗಾಡಿಯ ಮೇಲೆ ಹಾಕಲು ಬರುವುದಿಲ್ಲ.

ನಡುನಡುವೆ ಬೇರೆ ದಾರಿಗಳನ್ನೂ ನೋಡಿದ್ದೇವೆ. 1.6 ಎಂಎಂ ಶೀಟು ನಮ್ಮ ಹುಡುಗರ ಕಡ್ಡಿ ವೆಲ್ಡಿಂಗಿಗೆ ತೂತು ಬೀಳುತ್ತಿತ್ತು. ತಂತಿಯಿಂದ ಬೆಸೆಯುವ ಮಿಗ್ ಯಂತ್ರ ಬಂದಮೇಲೂ ರಿಪೇರಿ ಮಾಡುವ ಊರೂರಿನ ಗ್ಯಾರೇಜಿನಲ್ಲಿ ಮಿಗ್ ಇರುವುದಿಲ್ಲವಾದ್ದರಿಂದ ಎರಡಕ್ಕೇ ನಿಂತೆವು. ಹಳೆಯ ಕಂಟೇನರಿನ 28 ಎಂಎಂ ಪ್ಲೈಯನ್ನು ತಳಕ್ಕೆ ಹಾಕಿ ನೋಡಿದೆವು, ಚಾವಣಿಯಿಲ್ಲದ ಗಾಡಿಯಲ್ಲಿ ಎರಡನೆಯ ಮಳೆಗಾಲಕ್ಕೆ ಅಂಚು ಬಾತು ಪದರ ಬಿಟ್ಟಿತು. ಅಲ್ಯೂಮಿನಿಯಂ ಬದಿಯನ್ನು ಒಬ್ಬ ಹಠಮಾರಿ ಗಿರಾಕಿಗೆ ಮಾಡಿಕೊಟ್ಟೆವು. ಇನ್ನೂ ಹಗುರ, ನಿಜ, ಆದರೆ ಉಕ್ಕಿನ ಬೋಲ್ಟು ಮುಟ್ಟಿದಲ್ಲೆಲ್ಲ ಬಿಳಿ ಪುಡಿ ಎದ್ದಿತು, ಬೆಲೆ ಕೇಳಿದ ಎರಡನೆಯ ಗಿರಾಕಿ ಇದುವರೆಗೆ ಸಿಕ್ಕಿಲ್ಲ.

ಟ್ರ್ಯಾಕ್ಟರ್ ಟ್ರೇಲರುಗಳಿಗೂ ಇದೇ ಮಡಿಕೆ ಹಾಕುತ್ತಿದ್ದೇವೆ, ಆದರೆ ಅಲ್ಲಿ ಬದಿ ಕೆಳಕ್ಕೆ ಬೀಳುವ ಬಾಗಿಲಾದ್ದರಿಂದ ಬುಡವನ್ನು ಬೆಸೆಯಲು ಬರುವುದಿಲ್ಲ, ಒತ್ತಡವೆಲ್ಲ ಹಿಂಜುಗಳ ಮೇಲೆ ಬೀಳುತ್ತದೆ. ಹಿಂಜಿನ ಸಂಖ್ಯೆಯನ್ನು ಹೆಚ್ಚಿಸಿ, ಒಂದೊಂದನ್ನೂ ಮಡಿಕೆಯ ಉಬ್ಬಿನ ನೇರಕ್ಕೆ ಕೂರಿಸಿದ್ದರಿಂದ ಶೀಟು ಹರಿಯುವುದು ನಿಂತಿದೆ. ಲಾರಿಯ ಹಿಂಬಾಗಿಲು ಮಾತ್ರ ಇನ್ನೂ ಹಳೆಯ ಮೂರು ಎಂಎಂ ಚಪ್ಪಟೆಯದ್ದೇ. ಮಡಿಕೆ ಹಾಕಿದ ಬಾಗಿಲಿಗೆ ಕೊಂಡಿ ಸರಿಯಾಗಿ ಕೂರದೆ, ಘಟ್ಟ ಏರುವಾಗ ಕಾಳು ಸೋರುತ್ತದೆ. ಈ ಬೇಸಿಗೆಯಲ್ಲಿ ಬಾಗಿಲಿನ ಚೌಕಟ್ಟನ್ನು ಚಪ್ಪಟೆಯಾಗಿ ಉಳಿಸಿ ನಡುವಿಗೆ ಮಾತ್ರ ಮಡಿಕೆ ಕೊಟ್ಟ ಒಂದು ಬಾಗಿಲನ್ನು ಗಾಡಿಗೆ ಏರಿಸಿದ್ದೇವೆ. ಅದು ಮಂಗಳೂರಿನ ದಾರಿಯಲ್ಲಿ ಓಡುತ್ತಿದೆ.