ಅಪ್ಪಾಜಿಯನ್ನು ಡಿಸ್ಚಾರ್ಜ್ ಮಾಡಿಸಿಕೊಳ್ಳುವ ಮುಂಚೆ

ಹೋದ ವರ್ಷ ದಾವಣಗೆರೆಯ ಆಸ್ಪತ್ರೆಯೊಂದರಿಂದ ಅಪ್ಪಾಜಿಯನ್ನು ರಾತ್ರಿ ಹೊತ್ತು ಮನೆಗೆ ಕಳಿಸಿದರು. ವಯಸ್ಸು 78. ಹರಿಹರಕ್ಕೆ ಬಂದು ಸ್ವೆಟರ್ ಬಿಚ್ಚಿದರೆ, ಕೈಯಲ್ಲಿ ಡ್ರಿಪ್ ಸೂಜಿ ಹಾಗೇ ಇತ್ತು! ಹೊರಡುವ ಮುಂಚೆ ಮೈ ಪೂರ್ತಿ ನೋಡಿ. ಬೆನ್ನು, ಹಿಮ್ಮಡಿ ಕೆಂಪಾಗಿದ್ದರೆ ನರ್ಸ್‌ಗೆ ಆಗಲೇ ತೋರಿಸಿ, ಹಾಸಿಗೆ ಹುಣ್ಣು ಶುರುವಾಗೋದೇ ಹಾಗೆ.

ಮಾತ್ರೆ ವಿಷಯ ಇನ್ನೂ ಮುಖ್ಯ. ಮನೆಯ ಹಳೇ ಮಾತ್ರೆಗಳನ್ನೂ ಆಸ್ಪತ್ರೆಗೆ ತನ್ನಿ. ಹೊಸದರ ಪಕ್ಕ ಇಟ್ಟು, ಹಿಂದೆ ಸಣ್ಣಕ್ಷರದಲ್ಲಿರುವ ಔಷಧಿ ಹೆಸರು ಓದಿ. ಅಪ್ಪಾಜಿಯ ಎರಡು ಸ್ಟ್ರಿಪ್‌ಗಳ ಮೇಲೆ ಹೆಸರು ಬೇರೆ ಬೇರೆ, ಒಳಗೆ ಎರಡೂ ಆಮ್ಲೋಡಿಪಿನ್ ಅನ್ನೋ ಒಂದೇ ಬಿಪಿ ಔಷಧಿ! ಎರಡನ್ನೂ ನುಂಗಿದರೆ ಬಿಪಿ ಜಾಸ್ತಿ ಇಳಿದು ತಲೆ ಸುತ್ತುತ್ತದೆ, ಅಲ್ವಾ? ಯಾವುದು ನಿಲ್ಲಿಸಬೇಕು ಅಂತ ಡಾಕ್ಟರ ಕೈಯಲ್ಲೇ ಡಿಸ್ಚಾರ್ಜ್ ಚೀಟಿ ಮೇಲೆ ಬರೆಸಿಕೊಳ್ಳಿ. ಮನೆಗೆ ಬಂದ ಮೇಲೆ ಏರುಪೇರಾದರೆ ಸುಮ್ನೆ ಬೆಳಗಿನ ತನಕ ಕಾಯಬೇಡಿ, 108ಕ್ಕೆ ಫೋನ್ ಮಾಡಿ.