4ಜಿ ಮೇಲೆ ಕುಸ್ತಿ: ರೋಲ್‌ಬ್ಯಾಕ್ ಕೊನೆಗೂ ಕೈಗೆ ಹತ್ತಿತು

"ಮೊಬೈಲ್ ಡೇಟಾ ಮೇಲೆ ಕುಸ್ತಿ ಗೇಮಾ? ಅದೂ ರೋಲ್‌ಬ್ಯಾಕಾ? ಬಿಡು ಗುರೂ." ಎರಡು ವರ್ಷದ ಹಿಂದೆ ಗೇಮ್ ಮಾಡುವ ನಾಲ್ಕೈದು ಗೆಳೆಯರು ಬೆಂಗಳೂರಲ್ಲಿ ಸೇರಿದ್ದಾಗ, ಇಬ್ಬರು ದೂರದಿಂದಲೇ ಫೋನಿನಲ್ಲಿ ಆಡುವ ನಾಡಕುಸ್ತಿ ಗೇಮ್ ಮಾಡುತ್ತೇನೆ ಅಂತ ನಾನು ಹೇಳಿದ್ದಕ್ಕೆ ಒಬ್ಬ ಹೀಗಂದ. ಉಳಿದವರು ನಕ್ಕರು. ರೋಲ್‌ಬ್ಯಾಕ್ ಅಂದರೆ ಎದುರಾಳಿಯ ಬಟನ್ ಮಾಹಿತಿ ಬರುವ ಮುಂಚೆಯೇ ಊಹಿಸಿ ಆಟ ನಡೆಸುವುದು, ಊಹೆ ತಪ್ಪಿದರೆ ಹಿಂದೆ ಹೋಗಿ ಮತ್ತೆ ಲೆಕ್ಕ ಹಾಕುವುದು. ಹೋದ ತಿಂಗಳು ಅವನು ಹುಬ್ಬಳ್ಳಿಯಲ್ಲಿ, ನಾನು ಮೈಸೂರಲ್ಲಿ ಕೂತು ಹನ್ನೊಂದು ಪಂದ್ಯ ಆಡಿದೆವು. ಅದಕ್ಕೇ ಈಗ ಬರೆಯುವ ಧೈರ್ಯ ಬಂದಿದೆ.

ರೋಲ್‌ಬ್ಯಾಕ್ ಹೊಸದೇನಲ್ಲ. ಟೋನಿ ಕ್ಯಾನನ್ ಅವರ ರೋಲ್‌ಬ್ಯಾಕ್ ಸಾಫ್ಟ್‌ವೇರ್ ಜಿಜಿಪಿಒ 2006ರ ಸುಮಾರಿನಿಂದಲೇ ಇತ್ತು, 2019ರಲ್ಲಿ ಅದರ ಕೋಡ್ ಎಲ್ಲರಿಗೂ ಸಿಕ್ಕಿತು. 2021ರ ಗಿಲ್ಟಿ ಗಿಯರ್ ಸ್ಟ್ರೈವ್, 2023ರ ಸ್ಟ್ರೀಟ್ ಫೈಟರ್ 6 ಬಂದ ಮೇಲಂತೂ ರೋಲ್‌ಬ್ಯಾಕ್ ಇಲ್ಲದ ಫೈಟಿಂಗ್ ಗೇಮ್ ಅಂದರೆ ಜನ ಮೂಗು ಮುರಿಯುತ್ತಾರೆ. ಆದರೆ ಅಲ್ಲಿ ಇಬ್ಬರೂ ಸದಾ ಅಂಟಿಕೊಂಡೇ ಹೊಡೆದಾಡುವುದಿಲ್ಲ. ನಾಡಕುಸ್ತಿಯಲ್ಲಿ ಮೈಗೆ ಮೈ ಅಂಟಿರುತ್ತದೆ. ಎದುರಾಳಿ ಏನು ಒತ್ತುತ್ತಾನೆ ಅನ್ನೋ ಊಹೆ ನಾಲ್ಕು ಫ್ರೇಮ್ (ಸೆಕೆಂಡಿಗೆ 60 ಚಿತ್ರಗಳಲ್ಲಿ ಒಂದೊಂದು ಒಂದು ಫ್ರೇಮ್) ತಪ್ಪಿದರೆ ಸೊಂಟದಲ್ಲಿದ್ದ ಕೈ ಇದ್ದಕ್ಕಿದ್ದಂತೆ ಕತ್ತಿನಲ್ಲಿರುತ್ತದೆ. ನೋಡೋಕೆ ದೆವ್ವ ಬಡಿದ ಹಾಗೆ.

ಮೊದಲು ಸುಲಭದ ದಾರಿ ಹಿಡಿದೆ. ಒಬ್ಬರಿಗೆ 40 ಸಾವಿರ ಕೊಟ್ಟು ಎದುರಾಳಿಯ ಬಟನ್ ಬರುವ ತನಕ ಆಟ ಕಾಯುವ ಡಿಲೇ ಪದ್ಧತಿಯಲ್ಲಿ, ಎರಡು ಫೋನಿನ ಆಟ ಜೋಡಿಸುವ ನೆಟ್‌ಕೋಡ್ ಬರೆಸಿದೆ. ಮನೆಯ ವೈಫೈನಲ್ಲಿ ಬೆಣ್ಣೆ. 4ಜಿಯಲ್ಲಿ ಪಿಂಗ್ (ಮಾಹಿತಿ ಹೋಗಿ ಬರುವ ಸಮಯ) 70ರಿಂದ ಏಕ್‌ದಂ 200 ಮಿಲಿಸೆಕೆಂಡಿಗೆ ಹಾರಿದಾಗ ಪೈಲ್ವಾನರಿಬ್ಬರೂ ಕಲ್ಲಾಗಿ ನಿಂತುಬಿಡುತ್ತಿದ್ದರು. ಆ ದುಡ್ಡು ಹೋಯಿತು. ಕೋಡ್‌ನಲ್ಲಿ ಒಂದು ಸಾಲೂ ಈಗ ಉಳಿದಿಲ್ಲ.

ಆಮೇಲೆ ನಾನೇ ಕೂತೆ. ಗೇಮ್ ಎಂಜಿನ್ ಜೊತೆ ಬರುವ ಫಿಸಿಕ್ಸ್ (ಚಲನೆಯ ಲೆಕ್ಕ) ನಂಬಿ ಮೂರು ತಿಂಗಳು ಕಳೆದೆ. ಒಂದು ರಾತ್ರಿ ಟೆಸ್ಟ್ ಮಾಡುವಾಗ ಗೆಳೆಯನೂ ನಾನೂ ಒಂದೇ ಹೊತ್ತಿಗೆ "ಗೆದ್ದೆ" ಅಂತ ಫೋನ್ ಮಾಡಿಕೊಂಡೆವು. ಇಬ್ಬರದೂ ನಿಜವೇ. ಫ್ಲೋಟ್ (ದಶಮಾಂಶ) ಲೆಕ್ಕದ ಕೊನೆಯ ಅಂಕಿ ಎರಡು ಫೋನಿನಲ್ಲಿ ಬೇರೆ ಬೇರೆ ಬಂದು, ಮುಕ್ಕಾಲು ನಿಮಿಷದಲ್ಲಿ ಎರಡು ಬೇರೆ ಕುಸ್ತಿಗಳೇ ನಡೆದಿದ್ದವು. ಎಲ್ಲಾ ಕಿತ್ತು ಹಾಕಿ ಪೂರ್ಣಾಂಕದಲ್ಲೇ ಬರೆದೆ. ಒಂದು ಪಿಕ್ಸೆಲ್‌ಗೆ 256 ಭಾಗ, ಸೈನ್‌ ಬೆಲೆಗಳಿಗೆ ಮೊದಲೇ ಬರೆದಿಟ್ಟ ಟೇಬಲ್. ಅಷ್ಟೇ.

ಅಷ್ಟೇ ಅಂದುಕೊಂಡಿದ್ದೆ. ಚೆಕ್‌ಸಮ್ (ಎರಡೂ ಫೋನಿನ ಆಟ ಒಂದೇ ಇದೆಯಾ ಅಂತ ತಾಳೆ ನೋಡುವ ಸಂಖ್ಯೆ) ಆಗಾಗ ತಪ್ಪುತ್ತಲೇ ಇತ್ತು. ಅದೂ ಎಸ್‌ಪಿ ರೋಡ್‌ನಲ್ಲಿ ನಾಲ್ಕೂವರೆ ಸಾವಿರಕ್ಕೆ ತಂದ ಹಳೇ ಫೋನಿನಲ್ಲಿ ಮಾತ್ರ. ಮೂರು ವಾರ ತಲೆ ಕೆಡಿಸಿಕೊಂಡೆ. ಕಾರಣ ಕೇಳಿದರೆ ನಗುತ್ತೀರಿ: ಪ್ರೇಕ್ಷಕರು. ಅಖಾಡದ ಸುತ್ತ ಕೂತ ಜನ ಯಾವಾಗ ಶಿಳ್ಳೆ ಹೊಡೆಯಬೇಕು ಅನ್ನೋದಕ್ಕೂ ಆಟದ ರ‍್ಯಾಂಡಮ್ ಸಂಖ್ಯೆಯನ್ನೇ ಬಳಸಿದ್ದೆ. ಕಡಿಮೆ ಗ್ರಾಫಿಕ್ಸ್‌ನ ಫೋನಿನಲ್ಲಿ ಪ್ರೇಕ್ಷಕರೇ ಇರಲಿಲ್ಲ. ನನ್ನ ಫೋನಿನಲ್ಲಿ ಶಿಳ್ಳೆಗೆ ಸಾಲಿನ ಒಂದು ಸಂಖ್ಯೆ ಖರ್ಚಾಗುತ್ತಿತ್ತು, ಅಲ್ಲಿ ಆಗುತ್ತಿರಲಿಲ್ಲ, ಹಾಗಾಗಿ ಮುಂದಿನ ಸಂಖ್ಯೆಗಳು ಹೊಂದುತ್ತಿರಲಿಲ್ಲ. ಶಿಳ್ಳೆಗೆ ಬೇರೆ ಸೀಡ್ (ಸಂಖ್ಯೆಗಳ ಸಾಲು ಶುರುವಾಗುವ ಅಂಕಿ) ಕೊಟ್ಟ ಮೇಲೆ ಸರಿಹೋಯಿತು.

ಸದ್ದಿನದೂ ಒಂದು ಕಾಟ. ಹಿಂದೆ ಹೋಗಿ ಮತ್ತೆ ಲೆಕ್ಕ ಹಾಕಿದಾಗಲೆಲ್ಲ "ಧಪ್" ಎರಡೆರಡು ಸಲ. ಸದ್ದನ್ನು ಸಿಮ್ಯುಲೇಶನ್‌ನಿಂದ ಹೊರಗಿಟ್ಟು, ಯಾವ ಫ್ರೇಮಿನ ಯಾವ ಸದ್ದು ಅಂತ ಗುರುತು ಹಾಕಿ ಒಂದೇ ಸಲ ನುಡಿಸುತ್ತೇನೆ.

ಇಷ್ಟಾದರೂ ಆ ಕೈ ಹಾರುವುದು ನಿಂತಿರಲಿಲ್ಲ. ಅದನ್ನು ಬಿಡಿಸಿದ್ದು ನಾನಲ್ಲ. ನಮ್ಮ ಬೀದಿಯ ಹಿಂದೆ ಗರಡಿ ಇದೆ. ಪಟ್ಟುಗಳ ಹೆಸರು ಕೇಳೋಕೆ ಅಂತ ಹೋಗಿದ್ದವನು ಸುಮ್ನೆ ಉಸ್ತಾದರಿಗೆ ಫೋನ್ ತೋರಿಸಿದೆ. ಅವರು ಕನ್ನಡಕ ಹಣೆಗೇರಿಸಿ ಎರಡು ನಿಮಿಷ ನೋಡಿದರು. "ಏನಪ್ಪಾ ಇದು, ಭುಜಾನೇ ಅಲ್ಲಾಡ್ಲಿಲ್ಲ, ಕೈ ಹೆಂಗ್ ಬಂತು? ಪಟ್ಟು ಹಾಕೋನು ಮೊದ್ಲು ಹಿಮ್ಮಡಿ ಊರ್ತಾನೆ, ಭುಜ ಇಳಿಸ್ತಾನೆ. ಆಮೇಲೆ ಕೈ." ಅಷ್ಟು ಹೇಳಿ ಹುಡುಗರಿಗೆ ಮಟ್ಟಿ ಅಗೆಯಲು ಹೇಳಿ ಎದ್ದು ಹೋದರು.

ಮನೆಗೆ ಬಂದು ಪ್ರತಿ ಪಟ್ಟಿಗೂ ಏಳು ಫ್ರೇಮ್ ಭುಜ ಇಳಿಸುವುದನ್ನು ಸೇರಿಸಿದೆ. 60 ಫ್ರೇಮಿನ ಲೆಕ್ಕದಲ್ಲಿ ಸುಮಾರು 117 ಮಿಲಿಸೆಕೆಂಡ್. ಒತ್ತಿದವನಿಗೆ ತಕ್ಷಣ ಭುಜ ಇಳಿಯುತ್ತದೆ, ಹಾಗಾಗಿ ತಡ ಅನ್ನಿಸುವುದಿಲ್ಲ. ಎದುರಾಳಿಯ ಫೋನಿಗೆ ಬಟನ್ ನಾಲ್ಕು ಫ್ರೇಮ್ ತಡವಾಗಿ ಬಂದರೆ ಭುಜ ಇಳಿಯುವ ಶುರುವಿನ ಭಾಗ ಮಾತ್ರ ಹಾರುತ್ತದೆ, ಕೈ ಹಾರುವುದಿಲ್ಲ. ಅದು ಯಾರ ಕಣ್ಣಿಗೂ ಬೀಳಲಿಲ್ಲ. ದೊಡ್ಡ ಫೈಟಿಂಗ್ ಗೇಮ್‌ಗಳಲ್ಲಿ ಹೊಡೆತಕ್ಕೆ ಮುಂಚಿನ ಫ್ರೇಮ್‌ಗಳು ಇದೇ ಕೆಲಸ ಮಾಡುತ್ತವೆ ಅಂತ ನನಗೂ ಗೊತ್ತಿತ್ತು. ಗೊತ್ತಿದ್ದೂ ಹೊಳೆದಿರಲಿಲ್ಲ, ಅಲ್ವಾ.

ನಡುವೆ ಒಂದು ಹುಚ್ಚು ಪ್ರಯೋಗವನ್ನೂ ಮಾಡಿದೆ. ಎದುರಾಳಿಯ ಮುಂದಿನ ಬಟನ್ ಊಹಿಸಲು ಒಂದು ಪುಟಾಣಿ ನ್ಯೂರಲ್ ನೆಟ್‌ವರ್ಕ್. "ಹೋದ ಫ್ರೇಮಿನಲ್ಲಿ ಒತ್ತಿದ್ದನ್ನೇ ಈಗಲೂ ಒತ್ತಿದ್ದಾನೆ" ಅನ್ನೋ ದಡ್ಡ ಊಹೆಯೇ ನೂರಕ್ಕೆ ತೊಂಬತ್ತಕ್ಕಿಂತ ಜಾಸ್ತಿ ಸಲ ಸರಿಯಾಗುತ್ತಿತ್ತು. ನೆಟ್‌ವರ್ಕ್ ಅದಕ್ಕಿಂತ ಒಂದೆರಡು ಮೆಟ್ಟಿಲು ಮೇಲೆ, ಆದರೆ ಫೋನ್ ಇಡ್ಲಿ ಪಾತ್ರೆಯಂತೆ ಕಾಯುತ್ತಿತ್ತು. ತೆಗೆದು ಹಾಕಿದೆ.

ಖರ್ಚಿನ ವಿಷಯ. 4ಜಿಯಲ್ಲಿ ಫೋನಿಂದ ಫೋನಿಗೆ ನೇರ ಸಂಪರ್ಕ ಅರ್ಧಕ್ಕರ್ಧ ಸಲ ಕೂರುವುದೇ ಇಲ್ಲ. ಹಾಗಾಗಿ ಮುಂಬೈನಲ್ಲಿ ಇಬ್ಬರ ಮಾಹಿತಿ ದಾಟಿಸುವ ಒಂದು ರಿಲೇ ಸರ್ವರ್, ತಿಂಗಳಿಗೆ ಸಾವಿರದ ನೂರು ಚಿಲ್ಲರೆ. ಹೋಗುವುದು ಬಟನ್ ಮಾಹಿತಿ ಮಾತ್ರ, ಪ್ಯಾಕೆಟ್ ಕಳೆದರೂ ತೊಂದರೆ ಆಗದಿರಲಿ ಅಂತ ಹಿಂದಿನ ಹತ್ತು ಫ್ರೇಮಿನದೂ ಜೊತೆಗೆ. ಮೂರು ನಿಮಿಷದ ಪಂದ್ಯಕ್ಕೆ ಒಂದು ಕಡೆಯಿಂದ ಒಂದು ಎಂಬಿಯೂ ಆಗುವುದಿಲ್ಲ. ಒಂದು ತಿಂಗಳು ಮಾತ್ರ ಲಾಗ್ (ಆಟದ ದಾಖಲೆ) ಕಳಿಸುವುದನ್ನು ನಿಲ್ಲಿಸಲು ಮರೆತು 14 ಸಾವಿರ ಬಿಲ್ ಬಂತು. ಹೆಂಡತಿಗೆ ಇವತ್ತಿಗೂ ಹೇಳಿಲ್ಲ. ಫೋನುಗಳು, ಕಲೆ, ಸದ್ದು ಎಲ್ಲಾ ಸೇರಿ ಎರಡು ಲಕ್ಷದ ಹತ್ತಿರ ಹೋಗಿದೆ. ಬಂದಿರುವುದು ಅರವತ್ತು ಸಾವಿರ ಇರಬಹುದು.

ಎಂಟು ಫ್ರೇಮ್ ಹಿಂದೆ ಹೋಗಿ 16 ಮಿಲಿಸೆಕೆಂಡಿನೊಳಗೆ ವಾಪಸ್ ಬರುವುದು ಆ ಹಳೇ ಫೋನಿನಲ್ಲೂ ಆಗುತ್ತದೆ. ಎರಡು ಫೋನಿನ ಗಡಿಯಾರ ಒಂದಕ್ಕಿಂತ ಒಂದು ಮುಂದೆ ಓಡದಂತೆ ಹೇಗೆ ಹಿಡಿದಿದ್ದೇನೆ ಅನ್ನೋದನ್ನು ಮಾತ್ರ ಇಲ್ಲಿ ಬರೆಯುವುದಿಲ್ಲ. ಅದಕ್ಕೇ ಐದು ತಿಂಗಳು ಹಿಡಿದಿದೆ.

ಹನ್ನೊಂದರಲ್ಲಿ ಆರು ನಾನು ಗೆದ್ದೆ. ಮುಗಿದ ಮೇಲೆ ಗೆಳೆಯ ಸ್ವಲ್ಪ ಹೊತ್ತು ಸುಮ್ಮನಿದ್ದ. "ಕೋಡ್ ಕಳಿಸೋ, ನೋಡ್ಬೇಕು" ಅಂದ. ಗಡಿಯಾರದ ಫೈಲ್ ತೆಗೆದಿಟ್ಟು ಉಳಿದದ್ದು ಕಳಿಸಿದೆ.